ಎಂಜಿನ್ ಫೌಂಡೇಶನ್ ಗಟ್ಟಿ ಮಾಡುವಾಗ ಮೊದಲು ಕೆಳಗಿನದಕ್ಕೆ ಕೈ ಹಾಕಿ

ಗ್ಯಾರೇಜಿನಲ್ಲಿ ಫೌಂಡೇಶನ್ ಎಂದರೆ ಎಂಜಿನ್ ಮೌಂಟ್, ಎಂಜಿನ್ನನ್ನು ಬಾಡಿಗೆ ಹಿಡಿದಿಡುವ ರಬ್ಬರ್ ಆಸರೆ. ಎಂಜಿನ್ ಅಡ್ಡಲಾಗಿ ಕೂತು ಮುಂದಿನ ಚಕ್ರ ಎಳೆಯುವ ಈಗಿನ ಬಹುಪಾಲು ಹ್ಯಾಚ್‌ಬ್ಯಾಕ್‌ಗಳಲ್ಲಿ ಇವು ಮೂರು. ಒಂದು ಟೈಮಿಂಗ್ ಸೈಡಿನಲ್ಲಿ (ಟೈಮಿಂಗ್ ಬೆಲ್ಟ್ ಅಥವಾ ಚೈನ್ ಇರುವ ಕಡೆ), ಇನ್ನೊಂದು ಗೇರ್‌ಬಾಕ್ಸ್ ಮೇಲೆ, ಸಾಮಾನ್ಯವಾಗಿ ಬ್ಯಾಟರಿ ಟ್ರೇ ಕೆಳಗೆ. ಭಾರ ಹೊರುವುದು ಇವೆರಡೇ. ಮೂರನೆಯದು ಗೇರ್‌ಬಾಕ್ಸ್ ತಳದಿಂದ ಸಬ್‌ಫ್ರೇಮಿಗೆ (ಎಂಜಿನ್ ಕೆಳಗಿನ ಉಕ್ಕಿನ ಚೌಕಟ್ಟು) ಹೋಗುವ ಮೂಳೆಯಾಕಾರದ ಗಿಡ್ಡ ತುಂಡು, ಡಾಗ್‌ಬೋನ್. ಅದರ ಮೇಲೆ ಭಾರವಿಲ್ಲ. ಎಂಜಿನ್ ಹಿಂದಕ್ಕೂ ಮುಂದಕ್ಕೂ ವಾಲದಂತೆ ಹಿಡಿದುಕೊಳ್ಳುವುದಷ್ಟೇ ಅದರ ಕೆಲಸ. ಗಟ್ಟಿ ಮಾಡಬೇಕಾದದ್ದು ಇದನ್ನು. ಮೂರನ್ನೂ ಒಂದೇ ಸಲ ಪಾಲಿಯುರಿಥೇನ್ (ರಬ್ಬರಿಗಿಂತ ಗಟ್ಟಿಯಾದ ಪ್ಲಾಸ್ಟಿಕ್, ಗ್ಯಾರೇಜಿನಲ್ಲಿ ‘ಪಾಲಿ’) ಮಾಡಿಸಿ, ಸಿಗ್ನಲ್ಲಿನಲ್ಲಿ ಹಲ್ಲು ಕಟಕಟ ಎನ್ನುವಾಗ ಒರಿಜಿನಲ್ ಹುಡುಕಿಕೊಂಡು ಬೆಂಗಳೂರಿನ ಬಿಡಿಭಾಗದ ಅಂಗಡಿಗಳ ಜೆ.ಸಿ. ರೋಡಿಗೆ ಹೋಗುವುದು ಎರಡು ಖರ್ಚು.

ಕೆಳಗಿನದಕ್ಕೆ ಎಷ್ಟು ಹೊಡೆತ ಬೀಳುತ್ತದೆ ಎಂದು ಲೆಕ್ಕ ಹಾಕಿ ನೋಡಿ. ಇಂಥ ಕಾರಿನಲ್ಲಿ ಎರಡೂ ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ ಗೇರ್‌ಬಾಕ್ಸಿನೊಳಗೇ ಇರುವುದರಿಂದ ಫೌಂಡೇಶನ್ ತಡೆಯುವುದು ಎಂಜಿನ್ ಟಾರ್ಕನ್ನಲ್ಲ (ತಿರುಗಿಸುವ ಬಲ), ಚಕ್ರದ ಟಾರ್ಕನ್ನು. ಎಂಜಿನ್ 110 ನ್ಯೂಟನ್ ಮೀಟರ್ ಕೊಡುತ್ತದೆ, ಮೊದಲ ಗೇರಿನ ಅನುಪಾತ 3.5, ಫೈನಲ್ ಡ್ರೈವಿನದು (ಗೇರ್‌ಬಾಕ್ಸಿನ ಕೊನೆಯ ಗೇರ್ ಜೋಡಿ) 4.1 ಎಂದುಕೊಂಡು ಗುಣಿಸಿದರೆ ಸುಮಾರು 1,580 ನ್ಯೂಟನ್ ಮೀಟರ್. ರಬ್ಬರ್ ಮೆತ್ತಗಿದ್ದರೆ ಎಂಜಿನ್ ಮೊದಲು ಫೈರ್‌ವಾಲ್ (ಎಂಜಿನ್ ಮತ್ತು ಕ್ಯಾಬಿನ್ ನಡುವಿನ ಗೋಡೆ) ಕಡೆ ವಾಲಿ, ಆಮೇಲೆ ಕಾರು ಚಲಿಸುತ್ತದೆ. ಕ್ಲಚ್ ಬಿಟ್ಟಾಗಿನ ಜಗ್ಗು, ಆಕ್ಸಿಲರೇಟರ್ ಬಿಟ್ಟಾಗಿನ ‘ಠಕ್’, ಮಳೆಯಲ್ಲಿ ಜೋರಾಗಿ ಎಳೆದಾಗ ಮುಂದಿನ ಚಕ್ರ ಕುಣಿಯುವುದು, ಇವೆಲ್ಲದರ ಹಿಂದೆ ಈ ವಾಲಾಟದ ಪಾಲಿದೆ.

ಹೊಸದು ತರುವ ಮುನ್ನ ಹಳೆಯದರ ಸ್ಥಿತಿ ನೋಡಿ. ಬಾನೆಟ್ ತೆಗೆದು, ಒಬ್ಬರು ಬ್ರೇಕ್ ಗಟ್ಟಿಯಾಗಿ ತುಳಿದು, ಹ್ಯಾಂಡ್‌ಬ್ರೇಕ್ ಎಳೆದು, ಮೊದಲ ಗೇರಿನಲ್ಲಿ ಹಾಫ್ ಕ್ಲಚ್‌ವರೆಗೆ ಮಾತ್ರ ಬಿಡಲಿ, ಆಮೇಲೆ ರಿವರ್ಸಿನಲ್ಲಿ. ನೋಡುವವರು ಪಕ್ಕದಲ್ಲಿ ನಿಲ್ಲಬೇಕು. ಕಾರಿನ ಮುಂದೂ ಬೇಡ, ಹಿಂದೂ ಬೇಡ. ಎಂಜಿನ್ ಒಂದು ಬೆರಳಿನಗಲ ಆಡಿದರೆ ಸಹಜ. ಎರಡು ಮೂರು ಬೆರಳಿನಗಲ ಎಗರಿದರೆ ಯಾವುದೋ ರಬ್ಬರ್ ಹರಿದಿದೆ. ಟೈಮಿಂಗ್ ಸೈಡಿನದು ಹಲವು ಕಾರುಗಳಲ್ಲಿ ಒಳಗೆ ದ್ರವ ತುಂಬಿದ ಹೈಡ್ರಾಲಿಕ್ ಮೌಂಟ್. ಅದರಡಿ ಕಪ್ಪಗೆ ಜಿಡ್ಡು ಸೋರಿದ್ದರೆ ಮುಗಿಯಿತು. ಮೇಲಿನ ಹರಿದ ಮೌಂಟ್ ಹಾಗೇ ಬಿಟ್ಟು ಡಾಗ್‌ಬೋನ್ ಮಾತ್ರ ಗಟ್ಟಿ ಮಾಡಿದರೆ ಉಳಿದದ್ದು ಬೇಗ ಕಿತ್ತು ಬರುತ್ತದೆ. ಮೇಲಿನವಕ್ಕೆ ಹೊಸ ಒರಿಜಿನಲ್ಲೇ ಹಾಕಿ.

ಗಟ್ಟಿತನವನ್ನು ಶೋರ್ ಎ ಎಂಬ ಅಳತೆಯ ಅಂಕಿಯಲ್ಲಿ ಹೇಳುತ್ತಾರೆ, ಅಂಕಿ ಏರಿದಷ್ಟೂ ಗಟ್ಟಿ. ಕಂಪನಿಯ ರಬ್ಬರ್ ಸಾಮಾನ್ಯವಾಗಿ 40ರಿಂದ 60. ದಿನಬಳಕೆಗೆ 70ರ ಪಾಲಿಯುರಿಥೇನ್ ಸಾಕು. 80 ದಾಟಿದರೆ ಡ್ಯಾಶ್‌ಬೋರ್ಡ್ ಮಾತಾಡಲು ಶುರು. 95 ಮತ್ತು ಗಟ್ಟಿ ಅಲ್ಯೂಮಿನಿಯಂ ಟ್ರ್ಯಾಕಿನ ಕಾರಿಗೆ. ಮೂರು ಸಿಲಿಂಡರಿನ ಕಾರಿನವರು ಒಂದು ಮೆಟ್ಟಿಲು ಕೆಳಗೇ ಇರಿ: 800 ಆರ್‌ಪಿಎಂ ಐಡಲಿನಲ್ಲಿ ನಾಲ್ಕು ಸಿಲಿಂಡರ್ ಸೆಕೆಂಡಿಗೆ ಸುಮಾರು 27 ಸಲ ಮಿಡಿದರೆ ಮೂರು ಸಿಲಿಂಡರ್ 20 ಸಲ. ಮಿಡಿತ ನಿಧಾನವಾದಷ್ಟೂ ಅದು ಕಾರಿನ ಬಾಡಿಯನ್ನು ತಲುಪದಂತೆ ತಡೆಯಲು ಮೆತ್ತನೆಯ ಮೌಂಟೇ ಬೇಕು.

ಕೆಲಸ ಸುಲಭ, ಒಂದು ಗಂಟೆಯದ್ದು. ಎಂಜಿನ್ ತಣ್ಣಗಿರಲಿ, ಸೈಲೆನ್ಸರ್ ಪೈಪ್ ಪಕ್ಕದಲ್ಲೇ ಹಾಯುತ್ತದೆ. ಹಿಂದಿನ ಚಕ್ರಕ್ಕೆ ಕಲ್ಲಲ್ಲ, ಸರಿಯಾದ ಆಪು ಕೊಟ್ಟು, ಮುಂಭಾಗ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ. ಗೇರ್ ನ್ಯೂಟ್ರಲ್. ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದು ಹತ್ತು ನಿಮಿಷ ಕಾಯಿರಿ. ಬಿಚ್ಚುವಾಗ ಉದ್ದನೆಯ ಹಿಡಿಯಿಂದ ನಿಧಾನವಾಗಿ. ಗೇರ್‌ಬಾಕ್ಸ್ ಅಲ್ಯೂಮಿನಿಯಂ, ಇಂಪ್ಯಾಕ್ಟ್ ಗನ್ ಹಿಡಿದರೆ ತೂತಿನೊಳಗಿನ ಮರೆಯೇ (ಥ್ರೆಡ್) ಎದ್ದು ಬರುತ್ತದೆ. ಡಾಗ್‌ಬೋನ್ ಬಿಚ್ಚಿದರೆ ಎಂಜಿನ್ ಬೀಳುವುದಿಲ್ಲ, ತೂಗಾಡುತ್ತದೆ ಅಷ್ಟೆ. ಡಾಗ್‌ಬೋನಿನ ದೊಡ್ಡ ಬುಶ್ಶಿನ (ತುದಿಯ ರಬ್ಬರ್ ಬಳೆ) ಖಾಲಿ ಜಾಗಕ್ಕೆ ಇನ್ಸರ್ಟ್ (ಸಂದಿ ತುಂಬುವ ಪಾಲಿ ತುಂಡು) ತುರುಕುವ ಮುನ್ನ ಮಣ್ಣು, ಜಿಡ್ಡು ಒರೆಸಿ. ಕೂರದಿದ್ದರೆ ಸಾಬೂನು ನೀರು ಸವರಿ. ಪೂರ್ತಿ ಬುಶ್ಶೇ ಬದಲಿಸುವುದಾದರೆ ಲೇತ್ ಅಂಗಡಿಯ ಹೈಡ್ರಾಲಿಕ್ ಪ್ರೆಸ್ ಬೇಕು. ಸುತ್ತಿಗೆಯಲ್ಲಿ ಬಡಿದರೆ ತೋಳು ಸೊಟ್ಟಗಾಗುತ್ತದೆ. ಸ್ಲೀವ್ ಒಳಗೆ ತಿರುಗುವ ಪಾಲಿ ಬುಶ್ಶಿಗೆ ಸಿಲಿಕೋನ್ ಗ್ರೀಸ್ ಮಾತ್ರ, ಇಲ್ಲದಿದ್ದರೆ ಪ್ರತಿ ಹಂಪಿಗೂ ಇಲಿ ಕೂಗುತ್ತದೆ.

ಬೋಲ್ಟ್ ಹಾಕುವಾಗ ತೂತು ಸೇರದಿದ್ದರೆ ಸ್ಕ್ರೂಡ್ರೈವರ್ ಮೀಟಿ ಎಳೆಯಬೇಡಿ, ಎಂಜಿನ್ನನ್ನು ಕೈಯಲ್ಲಿ ತಳ್ಳಿ ಸೇರಿಸಿ. ಎಲ್ಲವನ್ನೂ ಮೊದಲು ಬೆರಳಲ್ಲಿ ಹಾಕಿ, ಎಂಜಿನ್ ನಾಲ್ಕಾರು ಸಲ ಅಲುಗಾಡಿಸಿ, ಅದು ತಾನಾಗಿ ನಿಂತ ಜಾಗದಲ್ಲಿ ಬಿಗಿ ಮಾಡಿ. ಎಳೆದು ಬಿಗಿದ ಬುಶ್ ಐಡಲಿನಲ್ಲೇ ತಿರುಚಿಕೊಂಡಿರುತ್ತದೆ. ‘ಪಾಲಿ ಹಾಕಿದ ಮೇಲೆ ವಿಪರೀತ ವೈಬ್ರೇಶನ್’ ಎಂಬ ದೂರು ಬಂದಾಗ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಟಾರ್ಕ್ ಅಂಕಿ ನಿಮ್ಮ ಕಾರಿನ ಸರ್ವಿಸ್ ಮ್ಯಾನುಯಲ್ಲಿನದೇ ಆಗಲಿ. ಅದರಲ್ಲಿ ‘ಇಷ್ಟು ಟಾರ್ಕ್, ಮೇಲೆ 90 ಡಿಗ್ರಿ’ ಎಂದಿದ್ದರೆ ಅದು ಹಿಗ್ಗುವ ಬೋಲ್ಟ್. ಒಮ್ಮೆ ಬಿಚ್ಚಿದರೆ ಹೊಸದೇ ಬೇಕು.

ಮೇಲಿನ ಮೌಂಟ್ ಬಿಚ್ಚಲೇಬೇಕಾದರೆ ಒಂದು ಸಲಕ್ಕೆ ಒಂದೇ. ಆಯಿಲ್ ಚೇಂಬರ್ ಅಡಿಗೆ ಅಗಲವಾದ ಮರದ ಹಲಗೆಯಿಟ್ಟು ಜಾಕನ್ನು ಭಾರ ತಾಗುವಷ್ಟೇ ಏರಿಸಿ. ಎಂಜಿನ್ ಇಳಿಯಲು ಬಿಟ್ಟರೆ ಆಕ್ಸಲಿನ ಒಳಜಾಯಿಂಟ್, ಎಸಿ ಪೈಪ್, ಸೈಲೆನ್ಸರಿನ ಜಾಲರಿ ಪೈಪ್ ಮೂರಕ್ಕೂ ಎಳೆತ.

ದುಡ್ಡು ಉಳಿಸುವವರು ಡಾಗ್‌ಬೋನ್ ಬುಶ್ಶಿನ ಸಂದಿಗೆ ಮುಂದಿನ ಗಾಜು ಅಂಟಿಸುವ ಯುರಿಥೇನ್ ಸೀಲಂಟ್ ತುಂಬುತ್ತಾರೆ. ಆಗುತ್ತದೆ, ಆದರೆ ಅದು ಗಾಳಿಯ ತೇವದಿಂದ ಹೊರಗಿನಿಂದ ಒಳಕ್ಕೆ, ದಿನಕ್ಕೆ ಮೂರು ಮಿಲಿಮೀಟರ್ ಆಸುಪಾಸು ಗಟ್ಟಿಯಾಗುತ್ತದೆ. ಸಂಜೆ ತುಂಬಿ ಬೆಳಿಗ್ಗೆ ಓಡಿಸಿದರೆ ಮೇಲೆ ಕೆನೆ, ಒಳಗೆ ಪೇಸ್ಟ್. ಪದರ ಪದರವಾಗಿ ಹಾಕಿ ವಾರ ಬಿಡಿ. ಇಲ್ಲವೇ ಎರಡು ಭಾಗ ಬೆರೆಸುವ ಪಾಲಿಯುರಿಥೇನ್ ತನ್ನಿ. ಹೈಡ್ರಾಲಿಕ್ ಮೌಂಟಿಗೆ ಮಾತ್ರ ಈ ಪ್ರಯೋಗ ಬೇಡ.

ಮೊದಲ ದಿನ ಎಸಿ ಹಾಕಿ ನಿಂತಾಗ ನಡುಕ ಹೆಚ್ಚೇ ಅನಿಸುತ್ತದೆ. 500ರಿಂದ 1,000 ಕಿಲೋಮೀಟರಿನಲ್ಲಿ ಸ್ವಲ್ಪ ಇಳಿಯುತ್ತದೆ, ಪೂರ್ತಿ ಹೋಗುವುದಿಲ್ಲ. ಬಿಗಿ ಮಾಡಿದ ದಿನವೇ ಬೋಲ್ಟ್ ತಲೆಯಿಂದ ಬ್ರಾಕೆಟ್ಟಿಗೆ ಬಿಳಿ ಪೇಂಟಿನ ಗೆರೆ ಎಳೆದಿಡಿ. 500 ಕಿಲೋಮೀಟರ್ ಆದಾಗ ಟಾರ್ಚ್ ಹಿಡಿದು ಬಗ್ಗಿ ನೋಡಿ: ಗೆರೆ ಮುರಿದಿದ್ದರೆ ಬೋಲ್ಟ್ ತಿರುಗಿದೆ.