ಕಟ್ಟಿಕೊಂಡ ಸಿಂಕ್ ಬಿಡಿಸಿದ್ದು ಹೀಗೆ

ಡಿಸೆಂಬರ್ ಚಳಿಯಲ್ಲಿ ನಮ್ಮ ಅಡುಗೆಮನೆಯ ಸಿಂಕ್ ಕಟ್ಟಿಕೊಂಡಿತು. ಪಾತ್ರೆ ತೊಳೆದ ನೀರು ಇಳಿಯಲು ಅರ್ಧ ಗಂಟೆ ಹಿಡಿಯುತ್ತಿತ್ತು. ಎಲ್ಲರೂ ಹೇಳುವ ಹಾಗೆ ಅಡುಗೆ ಸೋಡ ಸುರಿದು ಮೇಲೆ ವಿನೆಗರ್ ಹಾಕಿದೆ. ಬುಸ್ಸೆಂದು ನೊರೆ ಉಕ್ಕಿತು, ಎರಡು ನಿಮಿಷದಲ್ಲಿ ಅಡಗಿತು. ನೀರು ನಿಂತಲ್ಲೇ ಇತ್ತು.

ಸೋಡ ಕ್ಷಾರ, ವಿನೆಗರ್ ಆಮ್ಲ. ಎರಡನ್ನೂ ಕೂಡಿಸಿದರೆ ಒಂದರ ಗುಣವನ್ನು ಇನ್ನೊಂದು ಕೊಲ್ಲುತ್ತದೆ. ನೊರೆಯಲ್ಲಿರುವುದು ಇಂಗಾಲದ ಡೈಆಕ್ಸೈಡ್. ಅದು ಹಾರಿಹೋದ ಮೇಲೆ ಉಳಿಯುವುದು ನೀರು ಮತ್ತು ಸೋಡಿಯಂ ಅಸಿಟೇಟ್ ಎಂಬ ಉಪ್ಪು. ಜಿಡ್ಡು ಬಿಡಿಸುವ ಶಕ್ತಿ ಇವಕ್ಕಿಲ್ಲ. ನಮ್ಮಜ್ಜಿ ಎಣ್ಣೆ ಪಾತ್ರೆಗೆ ಒಲೆಯ ಬೂದಿ ಹಚ್ಚುತ್ತಿದ್ದರು, ತಾಮ್ರದ ಹಂಡೆಗೆ ಹುಣಸೆಹಣ್ಣು. ಎರಡನ್ನೂ ಕಲಸಿದ್ದನ್ನು ನಾನು ನೋಡಿಲ್ಲ. ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಇರುತ್ತದೆ, ಒಳ್ಳೆಯ ಕ್ಷಾರ. ಕ್ಷಾರ ಜಿಡ್ಡಿನೊಂದಿಗೆ ಸೇರಿ ಅದರ ಒಂದಷ್ಟನ್ನು ಸಾಬೂನಾಗಿಸುತ್ತದೆ, ಆ ಸಾಬೂನು ಮಿಕ್ಕ ಜಿಡ್ಡನ್ನು ನೀರಿಗೆ ಎಳೆದುಕೊಳ್ಳುತ್ತದೆ.

ಅಡುಗೆ ಸೋಡ ಬಹಳ ಸೌಮ್ಯ. ಬೇಕಾದದ್ದು ಬಟ್ಟೆ ಸೋಡ, ಅಂದರೆ ವಾಷಿಂಗ್ ಸೋಡ. ಮನೆಯಲ್ಲಿರಲಿಲ್ಲ, ಹಾಗಾಗಿ ಮಾಡಿಕೊಂಡೆ. 100 ಗ್ರಾಂ ಅಡುಗೆ ಸೋಡವನ್ನು ಕಬ್ಬಿಣದ ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಹುರಿದೆ. ಮೊದಮೊದಲು ಪುಡಿ ನೀರಿನಂತೆ ತೇಲಾಡುತ್ತದೆ, ಒಳಗಿನಿಂದ ಆವಿ, ಗಾಳಿ ಹೊರಡುವುದರಿಂದ. ಅದು ನಿಂತ ಮೇಲೂ ಸ್ವಲ್ಪ ಹೊತ್ತು ಹುರಿದು ತೂಗಿದರೆ 65 ಗ್ರಾಂ ಬಂತು. ಲೆಕ್ಕದ ಪ್ರಕಾರ 63 ಬರಬೇಕು, ಇಷ್ಟು ಸಾಕು. ಅಲ್ಯೂಮಿನಿಯಂ ಬಾಣಲೆ ಬೇಡ, ಕ್ಷಾರ ಅದನ್ನು ತಿನ್ನುತ್ತದೆ. ಕೈಗೆ ಗ್ಲೌಸ್ ಇರಲಿ.

ಸಿಂಕಿನ ನೀರನ್ನು ಮಗ್ಗಿನಲ್ಲಿ ಮೊಗೆದು ತೆಗೆದೆ. ಪುಡಿಯನ್ನು ನೇರ ಪೈಪಿಗೆ ಸುರಿಯಬಾರದು, ತಣ್ಣೀರು ತಾಗಿದರೆ ಗಟ್ಟಿ ಹೆಂಟೆಯಾಗುತ್ತದೆ. ಒಂದು ಲೀಟರ್ ಬಿಸಿನೀರಿನಲ್ಲಿ ಕರಗಿಸಿ ನಿಧಾನ ಹೊಯ್ದೆ. ಕುದಿಯುವ ನೀರಲ್ಲ, ಪಿವಿಸಿ ಪೈಪ್ ಸುಮಾರು 80 ಡಿಗ್ರಿಗೇ ಮೆತ್ತಗಾಗುತ್ತದೆ. ಒಂದು ಗಂಟೆ ಬಿಟ್ಟು, ಮತ್ತೆ ಬಿಸಿನೀರು ಹಾಕಿ, ಸಿಂಕಿನ ಮೇಲ್ಭಾಗದ ಓವರ್‌ಫ್ಲೋ ತೂತಿಗೆ ಗಾಳಿ ಹೋಗದಂತೆ ಒದ್ದೆ ಬಟ್ಟೆ ತುರುಕಿ, ಪ್ಲಂಜರ್ (ಹಿಡಿಕೆಯ ತುದಿಯ ರಬ್ಬರ್ ಬಟ್ಟಲು) ಒತ್ತಿದೆ. ಏಳೆಂಟು ಸಲಕ್ಕೆ ಗಳಗಳ ಎಂದು ಇಳಿಯಿತು.

ಆಮೇಲೆ ಬಕೆಟ್ ಇಟ್ಟು ಬಾಟಲ್ ಟ್ರ್ಯಾಪ್, ಅಂದರೆ ಸಿಂಕಿನ ಕೆಳಗೆ ಪೈಪಿಗೆ ಸೇರಿಸಿರುವ ಬಾಟಲಿಯಂಥ ಭಾಗ, ತಿರುಗಿಸಿ ಬಿಚ್ಚಿದೆ. ತಳದಲ್ಲಿ ನಿಂಬೆಕಾಯಿ ಗಾತ್ರದ ಮಾಸಲು ಬಿಳಿ ಮುದ್ದೆ. ಬೆರಳಿಗೆ ಮೇಣದಂತೆ, ನಡುವೆ ಸಾಸಿವೆ, ಕರಿಬೇವಿನ ಚೂರು. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಚಳಿಗಾಲದಲ್ಲೇ ಸಿಂಕ್ ಏಕೆ ಕಟ್ಟುತ್ತದೆ ಎಂಬುದು ಆ ಮುದ್ದೆ ನೋಡಿದಾಗ ಅರ್ಥವಾಯಿತು. ಈಗ ಬಾಣಲೆಯ ಜಿಡ್ಡನ್ನು ಹಳೆ ಪೇಪರಿನಿಂದ ಒರೆಸಿಯೇ ತೊಳೆಯಲು ಹಾಕುತ್ತೇವೆ.

ಬ್ಲೀಚಿಂಗ್ ಪೌಡರ್ ಇರುವ ಕಡೆ ವಿನೆಗರ್ ಆಗಲಿ, ಟಾಯ್ಲೆಟ್ ಆಸಿಡ್ ಆಗಲಿ ಖಂಡಿತ ಬೇಡ. ಕ್ಲೋರಿನ್ ಅನಿಲ ಏಳುತ್ತದೆ, ಶ್ವಾಸಕೋಶಕ್ಕೇ ಪೆಟ್ಟು. ಬಚ್ಚಲಿನಲ್ಲಿ ಕಟ್ಟುವುದು ಕೂದಲು. ಅದಕ್ಕೆ ಈ ಸೋಡ ನಡೆಯುವುದಿಲ್ಲ. ಜಾಲರಿ ಎತ್ತಿ, ತುದಿ ಬಗ್ಗಿಸಿದ ತಂತಿಯಿಂದ ಎಳೆದು ತೆಗೆಯಬೇಕು.