ಸಾಲ್ವೀನಿಯಾ ತಿನ್ನುವ ಮೂತಿ ಹುಳುವನ್ನು ತಾರಸಿಯಲ್ಲಿ ಸಾಕಿದ್ದು: ನನ್ನ ಅನುಭವ

ತಾವರೆ ತೊಟ್ಟಿ ಇಟ್ಟವರಿಗೆ ಸಾಲ್ವೀನಿಯಾ ಎಂಬ ತೇಲುವ ನೀರುಕಳೆಯ ಕಾಟ ಗೊತ್ತೇ ಇರುತ್ತದೆ. ಎಷ್ಟು ಬಾಚಿ ಎಸೆದರೂ ಒಂದು ತುಂಡು ಉಳಿದರೆ ಸಾಕು, ಮತ್ತೆ ನೀರೇ ಕಾಣದ ಹಾಗೆ ಮುಚ್ಚಿಕೊಳ್ಳುತ್ತದೆ. ಇದನ್ನೇ ತಿಂದು ಬದುಕುವ ಒಂದು ಮೂತಿ ಹುಳು (ಉದ್ದ ಮೂತಿಯ ಪುಟ್ಟ ಜೀರುಂಡೆ) ಇದೆ, ಸಿರ್ಟೋಬೇಗಸ್ ಸಾಲ್ವೀನಿಯೆ ಅಂತ. ಉದ್ದ ಬರೀ 2 ಮಿ.ಮೀ. ಮೂಲ ಬ್ರೆಜಿಲ್. ಬೆಂಗಳೂರಿನವರಿಗಂತೂ ಇದರ ಪರಿಚಯ ಇರಬೇಕು, ಯಾಕಂದ್ರೆ ಆಸ್ಟ್ರೇಲಿಯಾದಿಂದ ತರಿಸಿ 1983-84ರಲ್ಲಿ ಇದನ್ನು ನಮ್ಮೂರಿನ ಒಂದು ನೈದಿಲೆ ಕೊಳಕ್ಕೇ ಬಿಟ್ಟಿದ್ದರು. 11 ತಿಂಗಳೊಳಗೆ ಕಳೆ ಸತ್ತು ಮುಳುಗಿತು, ಅದರಡಿ ಸೊರಗಿದ್ದ ನೈದಿಲೆ ಮತ್ತೆ ಚಿಗುರಿತು.

ಊರ ಹೊರಗಿನ ಕುಂಟೆಯೊಂದರಲ್ಲಿ ಸಾಲ್ವೀನಿಯಾ ಅಲ್ಲಲ್ಲಿ ಕಂದಾಗಿದ್ದು ಕಂಡು ಒಂದು ಬಕೆಟ್ ತುಂಬಿಸಿಕೊಂಡು ಬಂದೆ. ಬರೀ ಬಣ್ಣ ನೋಡಿ ಹುಳು ಇದೆ ಅಂದುಕೊಳ್ಳುವ ಹಾಗಿಲ್ಲ, ಹಳೇ ಎಲೆ ಸುಮ್ನೆ ಕೂಡ ಕಂದಾಗುತ್ತದೆ. ನೋಡಬೇಕಾದ್ದು ತುದಿಯ ಮೊಗ್ಗು. ಅದು ಕಪ್ಪಾಗಿ, ಪಕ್ಕದ ಎಳೆ ಎಲೆಯಲ್ಲಿ ಸಣ್ಣ ತೂತುಗಳಿದ್ದರೆ ಕಾಂಡವನ್ನು ಬ್ಲೇಡಿನಿಂದ ಸೀಳಿ. ಒಳಗೆ ಟೊಳ್ಳು, ಟೊಳ್ಳಿನಲ್ಲಿ ಬಿಳಿ ಮರಿಹುಳು! ದೊಡ್ಡ ಹುಳು ಮೊಗ್ಗನ್ನು ತಿಂದರೆ ಮರಿ ಕಾಂಡವನ್ನೇ ಕೊರೆಯುತ್ತದೆ, ಗಿಡ ಮುಳುಗುವುದು ಈ ಎರಡೂ ಸೇರಿದಾಗಲೇ.

ಹುಳು ಬೇರ್ಪಡಿಸಲು ದೊಡ್ಡ ಆಲಿಕೆಗೆ ಜಾಲರಿ ಕೂರಿಸಿ, ಗಿಡ ಹರಡಿ, ಮೇಲೆ ಹಳೇ ಕಾಲದ ಬಿಸಿಯಾಗುವ ಬಲ್ಬು ಕಟ್ಟಿದೆ. ಎಲ್ಇಡಿ ಬೇಡ, ಬೇಕಿರುವುದು ಶಾಖ. ಗಿಡ ಒಣಗುತ್ತಾ ಬಂದ ಹಾಗೆ ಹುಳು ತೇವ ಹುಡುಕಿಕೊಂಡು ಕೆಳಗಿಳಿದು, ಅಡಿಯಲ್ಲಿಟ್ಟ ನೀರಿನ ಬಾಟಲಿಗೆ ಬೀಳುತ್ತದೆ. ಹೊಸದಾಗಿ ಹೊರಬಂದವು ಕಂದು, ಬಲಿತವು ಕಪ್ಪು. ಲೆನ್ಸ್ ಹಿಡಿದು ನೋಡಿ, ನೀರೊಳಗೆ ಹೋದಾಗ ಹೊಟ್ಟೆಯಡಿ ಗಾಳಿಯ ಪದರವೊಂದು ಬೆಳ್ಳಗೆ ಮಿನುಗುತ್ತದೆ. ಮುಳುಗಿದ್ದಾಗ ಉಸಿರಾಟ ಅದರಿಂದಲೇ. ನನಗೆ ಇದನ್ನು ನೋಡಿದಷ್ಟೂ ಸಾಲದು.

ಸಾಕುವುದಕ್ಕೆ ಅಗಲವಾದ ಪ್ಲಾಸ್ಟಿಕ್ ಟಬ್ ಸಾಕು. ಸೊಳ್ಳೆಗೆ ಗಪ್ಪಿ ಮೀನು ಬಿಟ್ಟಿದ್ದೇನೆ. ಮುಖ್ಯವಾದ ಮಾತು ಸಾರಜನಕದ್ದು. ಸಪ್ಪೆ ನೀರಿನಲ್ಲಿ ಗಿಡ ಹಳದಿಯಾಗಿ ಹುಳುವೂ ಹೆಚ್ಚುವುದಿಲ್ಲ, ಅದಕ್ಕೆ ಮೀನಿಲ್ಲದ ಟಬ್ಬಿಗೆ ಚಿಟಿಕೆ ಯೂರಿಯಾ ಹಾಕಿ ಕಡು ಹಸಿರಾದ ಗಿಡವನ್ನು ಆಗಾಗ ಹುಳುವಿನ ಟಬ್ಬಿಗೆ ಸೇರಿಸುತ್ತೇನೆ. ಕಳೆಗೆ ಗೊಬ್ಬರವಾ ಅಂತ ಮನೆಯವರು ಕೇಳಿದ್ದೂ ಉಂಟು! ಆದರೆ ಪಪುವಾ ನ್ಯೂಗಿನಿಯ ಸೆಪಿಕ್ ನದಿಯಲ್ಲೂ ಹುಳು ನೆಲೆಯೂರಲು ಯೂರಿಯಾ ಕೊಟ್ಟೇ ದಾರಿ ಮಾಡಿಕೊಟ್ಟರು.

ಗೂಡು ಹುಡುಕುವುದಾದರೆ ಗಿಡ ತಿರುಗಿಸಿ. ಕೆಳಗೆ ಬೇರಿನ ಹಾಗೆ ಇಳಿಬಿದ್ದಿರುವುದು ಬೇರಲ್ಲ, ರೂಪ ಬದಲಿಸಿದ ಎಲೆ. ಅದರ ಎಳೆಗಳಿಂದಲೇ ಹುಳು ನೀರಿನಡಿ ಗೂಡು ಹೆಣೆದು ಕೋಶಾವಸ್ಥೆ ಕಳೆಯುತ್ತದೆ. ಎಲೆಯ ಮೇಲ್ಭಾಗವನ್ನೂ ನೋಡಿ, ಒಂದೊಂದು ರೋಮದ ತುದಿಯೂ ಕಡಗೋಲಿನ ತಲೆಯ ಹಾಗೆ ಇರುತ್ತದೆ. ಮೊದಲ ಸಲ ನೋಡುವವರು ಖಂಡಿತ ಬೆರಗಾಗುತ್ತಾರೆ.

ತಾವರೆ ತೊಟ್ಟಿಗೆ ಬಿಟ್ಟ ಮೇಲೆ ಅವಸರ ಬೇಡ, ಇದು ತಿಂಗಳುಗಳ ಕೆಲಸ. ಮುಳುಗಿದ ಗಿಡವನ್ನು ಮಾತ್ರ ತೆಗೆಯುತ್ತಿರಿ, ಕೊಳೆತರೆ ನೀರಿನ ಆಮ್ಲಜನಕ ಇಳಿದು ಮೀನಿಗೆ ಕಷ್ಟ. ತಾವರೆಗೆ ಈ ಹುಳು ಬಾಯಿ ಹಾಕುವುದಿಲ್ಲ. ಸಾಲ್ವೀನಿಯಾ ಮುಗಿದರೆ ಹುಳುವೂ ಮುಗಿಯಿತು, ಆದ್ದರಿಂದ ಒಂದು ಟಬ್ಬಿನಲ್ಲಿ ಕಳೆಯನ್ನು ಬೇಕೆಂದೇ ಬೆಳೆಸಿ ಇಟ್ಟುಕೊಂಡಿದ್ದೇನೆ.