ವಿಶಾಖೆ ಕಲಿತ ಉಪೋಸಥ: ಒಂದು ಹಗಲು, ಒಂದು ರಾತ್ರಿಯ ಕ್ರಮ

ಶ್ರಾವಸ್ತಿಯ ಪೂರ್ವಾರಾಮ ವಿಹಾರಕ್ಕೆ ಬುದ್ಧರ ಗೃಹಸ್ಥ ಶಿಷ್ಯೆ ವಿಶಾಖೆ ಒಂದು ದಿನ ನಡುಹಗಲಿನಲ್ಲಿ ಬಂದಳು. ಈ ಹೊತ್ತಿನಲ್ಲಿ ಎಲ್ಲಿಂದ ಬಂದೆ ಎಂದು ಬುದ್ಧರು ಕೇಳಿದರೆ, ಇವತ್ತು ಉಪೋಸಥದಲ್ಲಿದ್ದೇನೆ ಎಂದಳು. ಉಪೋಸಥವೆಂದರೆ ಒಂದು ಹಗಲು, ಒಂದು ರಾತ್ರಿ ಎಂಟು ಶೀಲ ಹಿಡಿಯುವ ಬೌದ್ಧ ವ್ರತ. ಆಗ ಬುದ್ಧರು ಅವಳಿಗೆ ವಿವರಿಸಿದ ಕ್ರಮ ಪಾಲಿ ಸೂತ್ರಗಳ ಸಂಗ್ರಹವಾದ ಅಂಗುತ್ತರ ನಿಕಾಯದಲ್ಲಿ ಉಳಿದಿದೆ. ಮನೆ ಮಕ್ಕಳ ಹೊಣೆ ಹೊತ್ತ ಉಪಾಸಿಕೆಗೆ (ಗೃಹಸ್ಥ ಶಿಷ್ಯೆಗೆ) ಇದಕ್ಕಿಂತ ಹೊಂದುವ ಸಾಧನೆ ಸಿಗುವುದು ಕಷ್ಟ.

ದಿನಗಳು ಪಕ್ಷದ 8, 14 ಮತ್ತು 15. ಅಷ್ಟಮಿ, ಚತುರ್ದಶಿ, ಹುಣ್ಣಿಮೆ ಅಥವಾ ಅಮಾವಾಸ್ಯೆ. ಹೊಸದಾಗಿ ಶುರುಮಾಡುವವರಿಗೆ ಹುಣ್ಣಿಮೆಯೊಂದೇ ಸಾಕು. ಮನೆಯವರಿಗೆ ಹಿಂದಿನ ದಿನವೇ ಹೇಳಿಡಿ; ಬ್ರಹ್ಮಚರ್ಯವೂ ವ್ರತದೊಳಗೆ ಬರುವುದರಿಂದ ಗಂಡನಿಗೆ ಮೊದಲೇ ತಿಳಿದಿರಬೇಕು.

ಬೆಳಗ್ಗೆ ಬುದ್ಧ, ಧರ್ಮ, ಸಂಘಕ್ಕೆ ಶರಣು ಹೋಗುವ ತ್ರಿಶರಣ ಹೇಳಿ ಎಂಟು ಶೀಲ ತೆಗೆದುಕೊಳ್ಳಿ: ಕೊಲ್ಲದಿರುವುದು, ಕೊಡದ್ದನ್ನು ತೆಗೆದುಕೊಳ್ಳದಿರುವುದು, ಬ್ರಹ್ಮಚರ್ಯ, ಸುಳ್ಳಾಡದಿರುವುದು, ಮದ್ಯ ಮುಟ್ಟದಿರುವುದು, ಹೊತ್ತಲ್ಲದ ಹೊತ್ತಿನಲ್ಲಿ ಉಣ್ಣದಿರುವುದು, ಹಾಡು ಕುಣಿತ ಹೂವು ಗಂಧ ಅಲಂಕಾರ ಬಿಡುವುದು, ಎತ್ತರದ ಮಂಚ ಬಿಟ್ಟು ಸಣ್ಣ ಮಂಚದ ಮೇಲೋ ಹುಲ್ಲಿನ ಹಾಸಿನ ಮೇಲೋ ಮಲಗುವುದು. ಗಡಗಡನೆ ಒಪ್ಪಿಸಿಬಿಡಬೇಡಿ. ಒಂದೊಂದಕ್ಕೂ ನಿಂತು, ‘ಅರಹಂತರು (ಬಿಡುಗಡೆ ಪಡೆದವರು) ಬದುಕಿರುವಷ್ಟು ಕಾಲ ಹೀಗಿರುತ್ತಾರೆ; ಈ ಒಂದು ಹಗಲು, ಒಂದು ರಾತ್ರಿ ನಾನೂ ಹೀಗಿರುತ್ತೇನೆ’ ಎಂದು ನೆನೆಯಬೇಕು. ಇಡೀ ವ್ರತದ ಬಲ ಈ ಮಾತಿನಲ್ಲಿದೆ.

ಊಟ ನಡುಹಗಲಿಗೆ ಮುಂಚೆ ಮುಗಿಯಲಿ. ರಾತ್ರಿ ಊಟವಿಲ್ಲವೆಂದು ಹೊಟ್ಟೆ ಬಿರಿಯುವಷ್ಟು ಉಂಡರೆ ಮಧ್ಯಾಹ್ನವೆಲ್ಲ ತೂಕಡಿಕೆ. ಸಂಜೆ ಬಾಯಾರಿದರೆ ಸೋಸಿದ ಹಣ್ಣಿನ ರಸ ಕುಡಿಯಬಹುದು. ಮಾವು, ನೇರಳೆ, ಬಾಳೆ, ದ್ರಾಕ್ಷಿಯ ಪಾನಕಗಳು ಭಿಕ್ಷುಗಳಿಗೆ ವಿನಯದಲ್ಲೇ, ಅಂದರೆ ಅವರ ನಿಯಮಗ್ರಂಥದಲ್ಲೇ, ಅನುಮತಿಸಿದವು. ಗಂಜಿ ಕುಡಿದರೆ ಅದು ಊಟವೇ.

ಹಸಿವಿಗಿಂತ ವ್ರತ ಕೆಡಿಸುವುದು ನಾಳಿನ ಊಟದ ಯೋಚನೆ. ಇದನ್ನು ಬುದ್ಧರು ದನಗಾಹಿಯ ಉಪೋಸಥ ಎಂದರು: ಸಂಜೆ ದನಗಳನ್ನು ಒಡೆಯರಿಗೆ ಒಪ್ಪಿಸಿದವನು ‘ಇವತ್ತು ಅಲ್ಲಿ ಮೇದವು, ನಾಳೆ ಇಲ್ಲಿ ಮೇಯಿಸಬೇಕು’ ಎಂದು ಲೆಕ್ಕ ಹಾಕಿದಂತೆ. ದ್ವಾದಶಿಯ ಪಾರಣೆಗೆ ಏನೇನು ಮಾಡಬೇಕೆಂದು ಏಕಾದಶಿಯಿಡೀ ಯೋಚಿಸುವವರಿಗೆ ಈ ಬಲೆಯ ಪರಿಚಯವಿದೆ.

ಹಾಗಾಗಿ ಮಧ್ಯಾಹ್ನದ ಹೊತ್ತು ಖಾಲಿ ಬಿಡಬಾರದು. ಕೊಳೆಯಾದ ಮನಸ್ಸನ್ನು ಕ್ರಮವಾಗಿ ತೊಳೆಯುವುದೇ ನಿಜವಾದ ಉಪೋಸಥ, ಮತ್ತು ಕೊಳೆಗೆ ತಕ್ಕ ಸಾಮಗ್ರಿ ಬೇಕು. ವಿಶಾಖೆಗೆ ಐದು ಸ್ಮರಣೆಗಳನ್ನು ಹೇಳುವಾಗ ಬುದ್ಧರು ಉಪಮೆಗಳನ್ನು ಮನೆಯಿಂದಲೇ ತೆಗೆದರು. ಬುದ್ಧನ ಗುಣಗಳ ಸ್ಮರಣೆ ತಲೆ ತೊಳೆದಂತೆ: ಉಜ್ಜುವ ಹಿಟ್ಟು, ಜೇಡಿಮಣ್ಣು, ನೀರು. ಧರ್ಮದ ಸ್ಮರಣೆ ಮೈ ತೊಳೆದಂತೆ: ಉಜ್ಜುವ ಸಾಧನ, ಸ್ನಾನದ ಪುಡಿ, ನೀರು. ಸಂಘದ ಸ್ಮರಣೆ ಬಟ್ಟೆ ಒಗೆದಂತೆ: ಕ್ಷಾರ, ಸಗಣಿ, ನೀರು. ಶೀಲದ ಸ್ಮರಣೆ ಎಣ್ಣೆ, ಬೂದಿ, ಕುಂಚದಿಂದ ಕನ್ನಡಿ ಉಜ್ಜಿದಂತೆ. ದೇವತೆಗಳ ಸ್ಮರಣೆ ಕುಲುಮೆ, ಉಪ್ಪು, ಕಾವಿಮಣ್ಣು, ಊದುಗೊಳವೆ, ಇಕ್ಕಳದಿಂದ ಚಿನ್ನ ಪುಟವಿಟ್ಟಂತೆ. ಅವರನ್ನು ದೇವತೆಗಳಾಗಿಸಿದ ಶ್ರದ್ಧೆ, ಶೀಲ, ಶ್ರುತ (ಕೇಳಿ ಕಲಿತದ್ದು), ತ್ಯಾಗ, ಪ್ರಜ್ಞೆ ನನ್ನಲ್ಲೂ ಇವೆ ಎಂದು ನೋಡಿಕೊಳ್ಳುವುದು. ಪ್ರತಿಯೊಂದು ಉಪಮೆಯಲ್ಲೂ ಕೊನೆಯ ಸಾಮಗ್ರಿ ಒಂದೇ, ತೊಳೆಯುವವರ ತಕ್ಕ ಪ್ರಯತ್ನ. ಸೀಗೆಪುಡಿ ತಲೆಗೆ ಸುರಿದುಕೊಂಡು ಕೂತರೆ ಕೊಳೆ ಹೋಗುವುದಿಲ್ಲವಷ್ಟೆ.

ಐದನ್ನೂ ಒಂದೇ ದಿನ ಮುಗಿಸುವ ಆತುರ ಬೇಡ. ಸೂತ್ರ ಒಂದೊಂದನ್ನೂ ಬೇರೆ ಬೇರೆ ಉಪೋಸಥವೆಂದೇ ಹೆಸರಿಸುತ್ತದೆ. ಒಂದನ್ನು ಆರಿಸಿ ಅದರಲ್ಲೇ ಇರಿ. ಶೀಲದ ಸ್ಮರಣೆಯಲ್ಲಿ ಮಾತ್ರ ಎಚ್ಚರ: ತಪ್ಪುಗಳ ಪಟ್ಟಿ ಬಿಚ್ಚಿ ಕೊರಗುವ ಸ್ಮರಣೆಯಲ್ಲ ಅದು. ಒಡೆಯದೆ, ತೂತಾಗದೆ, ಕಲೆಯಾಗದೆ ಉಳಿದ ಶೀಲವನ್ನು ಕಂಡು ಮನಸ್ಸು ತಿಳಿಯಾಗಬೇಕು. ನಡುವೆ ಯಾವುದಾದರೂ ಶೀಲ ಮುರಿದರೆ ವ್ರತವನ್ನೇ ಕೈಬಿಡದೆ, ತಪ್ಪನ್ನು ಒಪ್ಪಿಕೊಂಡು ಆ ಶೀಲವನ್ನು ಮತ್ತೆ ತೆಗೆದುಕೊಳ್ಳಿ.

ಬೆಳಗಿನ ಜಾವಕ್ಕೆ ಏಳುವುದು ಸಾಧ್ಯವಾದರೆ ಬಾಯಿಪಾಠವಿರುವ ಸೂತ್ರವನ್ನು ದನಿಯೆತ್ತಿ ಹೇಳಿ. ವೇಳುಕಂಟಕದ ಉಪಾಸಿಕೆ ನಂದಮಾತೆ ಆ ಹೊತ್ತಿನಲ್ಲೇ ಎದ್ದು ಸುತ್ತನಿಪಾತದ ಕೊನೆಯ ಭಾಗವಾದ ಪಾರಾಯಣ ವರ್ಗವನ್ನು ಹೇಳುತ್ತಿದ್ದಳು. ಬೆಳಕು ಹರಿದ ಮೇಲೆ ಎಂಟು ಶೀಲದ ಅವಧಿ ಮುಗಿದು ದಿನನಿತ್ಯದ ಪಂಚಶೀಲ ಮುಂದುವರಿಯುತ್ತದೆ. ಒಲೆ ಹೊತ್ತಿಸಿ ಮಾಡಿದ ಅನ್ನದಲ್ಲಿ ಮೊದಲ ಪಾಲನ್ನು ಶಕ್ತಿಯಿದ್ದಷ್ಟು ಭಿಕ್ಷು ಸಂಘಕ್ಕೆ ಬಡಿಸಿ, ಆಮೇಲೆ ಉಣ್ಣಿ.